ಇರ್ಪುವಿನಿಂದ ಬ್ರಹ್ಮಗಿರಿಗೆ: ಚಾರಣಕ್ಕೆ ಹೊರಡುವವರಿಗೆ ಕೆಲವು ಮಾತು

ನಮ್ಮ ಮನೆಯ ಗದ್ದೆ ಇರುವುದು ದಕ್ಷಿಣ ಕೊಡಗಿನ ಬಾಳೆಲೆ ಎಂಬ ಊರಿನ ಕಡೆ, ಲಕ್ಷ್ಮಣತೀರ್ಥ ಹೊಳೆಯಿಂದ ಒಂದು ಕೂಗಳತೆಯಲ್ಲಿ. ಆಗಸ್ಟಿನ ಮಳೆಗೆ ಈ ಹೊಳೆ ದಡ ಮೀರಿ ನಾಟಿಯ ಮೇಲೆ ದಿನಗಟ್ಟಲೆ ನಿಲ್ಲುವುದನ್ನೂ, ಏಪ್ರಿಲ್ ಬರುವಷ್ಟರಲ್ಲಿ ಅದೇ ಹೊಳೆಯನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಪಾದ ನೆನೆಯದಂತೆ ದಾಟಬಹುದಾಗುವುದನ್ನೂ ನೋಡುತ್ತ ಬೆಳೆದವಳು ನಾನು. ಆದರೆ ಈ ನೀರು ಹುಟ್ಟುವ ಬೆಟ್ಟವನ್ನು ಐವತ್ತು ವರ್ಷ ದಾಟುವವರೆಗೂ ದೂರದಿಂದಲೇ ಕಂಡಿದ್ದೆ. ಕಳೆದ ನವೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಇನ್ನೊಮ್ಮೆ, ಮೈಸೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳನ್ನು ಜೊತೆಗೆ ಕರೆದುಕೊಂಡು ಬ್ರಹ್ಮಗಿರಿಗೆ ಹೋದೆ. ಮೊದಲ ಸಲ ತುದಿಗೆ ಇನ್ನೊಂದು ಏರು ಬಾಕಿ ಇರುವಾಗ ಹಿಂದಿರುಗಿದೆವು, ಎರಡನೆಯ ಸಲ ತಲುಪಿದೆವು. ಅದೇ ಹಾದಿಯಲ್ಲಿ ಹೋಗಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು, ಕಂಡದ್ದನ್ನೂ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಬಿಡುತ್ತೇನೆ. ಕೊಡಗಿನಲ್ಲಿ ಬ್ರಹ್ಮಗಿರಿ ಎಂಬ ಹೆಸರು ಎರಡು ಕಡೆ ಕೇಳಿಬರುತ್ತದೆ. ಭಾಗಮಂಡಲದ ಆಚೆ, ತಲಕಾವೇರಿಯ ಕುಂಡಿಕೆಯ ಹಿಂದೆ ಮೆಟ್ಟಿಲು ಹತ್ತಿ ಹೋಗುವ ಬೆಟ್ಟಕ್ಕೂ ಬ್ರಹ್ಮಗಿರಿ ಎಂದೇ ಹೆಸರು. ನಾನು ಹೇಳುತ್ತಿರುವುದು ಅದಲ್ಲ. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಶ್ರೀಮಂಗಲ ಮತ್ತು ಕುಟ್ಟದ ಹಿಂದೆ, ಕೇರಳದ ವಯನಾಡಿಗೂ ನಮಗೂ ನಡುವೆ ಗೋಡೆಯಂತೆ ನಿಂತಿರುವ ಬೆಟ್ಟಸಾಲಿನ 1608 ಮೀಟರ್ ಎತ್ತರದ ಶಿಖರ ಇದು. ವಾಹನ ಬಾಡಿಗೆಗೆ ಗೊತ್ತುಮಾಡುವಾಗ ಬರೀ ಬ್ರಹ್ಮಗಿರಿ ಎಂದರೆ ಭಾಗಮಂಡಲದ ದಾರಿ ಹಿಡಿಯುವವರೂ ಇದ್ದಾರೆ, ಆದ್ದರಿಂದ ಚಾರಣದ ಹಾದಿ ಶುರುವಾಗುವ ‘ಇರ್ಪು’ವಿನ ಹೆಸರನ್ನೇ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು.

ಈ ಬೆಟ್ಟಸಾಲು 1974ರಲ್ಲಿ ವನ್ಯಜೀವಿ ಧಾಮವಾಯಿತು. ಸುಮಾರು 181 ಚದರ ಕಿಲೋಮೀಟರಿನ ಈ ಕಾಡು ಉದ್ದಕ್ಕೆ ಚಾಚಿಕೊಂಡಿದ್ದು, ಪೂರ್ವದಲ್ಲಿ ನಾಗರಹೊಳೆಯ ಕಾಡಿಗೂ, ದಕ್ಷಿಣದಲ್ಲಿ ವಯನಾಡಿನ ಕಾಡಿಗೂ, ಪಶ್ಚಿಮದಲ್ಲಿ ಕೇರಳದ ಆರಳಂ ಧಾಮಕ್ಕೂ ಹತ್ತಿಕೊಂಡಿದೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ತಲಕಾವೇರಿ ಗುಂಪಿನಲ್ಲಿ ಪುಷ್ಪಗಿರಿ, ತಲಕಾವೇರಿ, ಪಾಡಿನಾಲ್ಕುನಾಡು ಮುಂತಾದವುಗಳ ಜೊತೆಗೆ ಬ್ರಹ್ಮಗಿರಿಯೂ ಇತ್ತು. ಇದನ್ನು ಹೇಳಲು ಕಾರಣವಿದೆ. ಇಲ್ಲಿ ನಡೆಯುವ ಪ್ರತಿಯೊಂದು ಹೆಜ್ಜೆಯೂ ಅರಣ್ಯ ಇಲಾಖೆಯ ಅನುಮತಿಯಿಂದಲೇ ಆಗಬೇಕು, ‘ಊರಿನವರು ನಾವು, ನಮಗೇನು ಕೇಳುವುದು’ ಎಂಬ ಮಾತು ನಡೆಯುವುದಿಲ್ಲ. ಊರಿನವಳಾದ ನಾನೂ ಚೀಟಿ ಪಡೆದೇ ಹೋದೆ, ಹಾಗಿರುವುದೇ ಸರಿ.

ಅನುಮತಿಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. 2024ರ ಜನವರಿಯ ಕೊನೆಯ ರಜೆಗಳಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಸಾವಿರಾರು ಜನ ಸಾಲುಗಟ್ಟಿದ ಚಿತ್ರಗಳು ಎಲ್ಲೆಡೆ ಹರಿದಾಡಿದ ಮೇಲೆ, ಅರಣ್ಯ ಇಲಾಖೆಯು ರಾಜ್ಯದ ಚಾರಣಗಳಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನೂ, ‘ಅರಣ್ಯ ವಿಹಾರ’ ಎಂಬ ಜಾಲತಾಣದಲ್ಲಿ ಮುಂಗಡ ಟಿಕೆಟ್ ಪಡೆಯುವ ಪದ್ಧತಿಯನ್ನೂ ತಂದಿದೆ. ಹೊರಡುವ ಮುನ್ನ ಅಲ್ಲಿ ನೋಡಿ, ಅನಂತರ ಶ್ರೀಮಂಗಲದ ವನ್ಯಜೀವಿ ವಲಯ ಕಚೇರಿಗೂ ಒಂದು ಸಲ ದೂರವಾಣಿ ಮಾಡಿ ದಾರಿ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆನೆಗಳ ಓಡಾಟ ಹೆಚ್ಚಿದಾಗಲೋ ಮರ ಬಿದ್ದಾಗಲೋ ಹಾದಿಯನ್ನು ಇದ್ದಕ್ಕಿದ್ದಂತೆ ಮುಚ್ಚುವುದುಂಟು. ಮಳೆಗಾಲದಲ್ಲಿ ಚಾರಣವಿಲ್ಲ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಶುರುವಾದ ಮೇಲೂ ಇಲ್ಲ. ಉಳಿಯುವುದು ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಮಾತ್ರ. ಗುರುತಿನ ಚೀಟಿಯ ಪ್ರತಿ ಎಲ್ಲರ ಬಳಿಯೂ ಇರಲಿ. ಮಾರ್ಗದರ್ಶಿ ಇಲ್ಲದೆ ಬಿಡುವುದಿಲ್ಲ, ಬಿಟ್ಟರೂ ಹೋಗಬಾರದು.

ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೋಣಿಕೊಪ್ಪದಿಂದ ಪೊನ್ನಂಪೇಟೆ, ಶ್ರೀಮಂಗಲದ ಮೂಲಕ ಕುಟ್ಟಕ್ಕೆ ಹೋಗುವ ಬಸ್ಸುಗಳಿವೆ, ಇರ್ಪುವಿಗೆ ತಿರುಗುವಲ್ಲಿ ಇಳಿದರೆ ಮುಂದೆ ಆಟೋ ಅಥವಾ ಜೀಪು ಮಾಡಿಕೊಳ್ಳಬೇಕು. ಮೈಸೂರಿನಿಂದ ಹುಣಸೂರು, ನಾಗರಹೊಳೆಯ ಮೂಲಕ ಕುಟ್ಟಕ್ಕೆ ಬರುವ ರಸ್ತೆ ಹತ್ತಿರವೆನಿಸಿದರೂ ಅದು ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ದಾರಿ, ಕತ್ತಲಾದ ಮೇಲೆ ಮುಚ್ಚಿರುತ್ತದೆ. ಸಂಜೆ ತಡವಾಗಿ ಮೈಸೂರು ಬಿಡುವವರು ಗೋಣಿಕೊಪ್ಪದ ದಾರಿಯನ್ನೇ ಹಿಡಿಯಬೇಕು. ಉಳಿದುಕೊಳ್ಳಲು ಶ್ರೀಮಂಗಲ, ಟಿ. ಶೆಟ್ಟಿಗೇರಿ, ಕುಟ್ಟದ ಸುತ್ತ ಹೋಂಸ್ಟೇಗಳು ಬೇಕಾದಷ್ಟಿವೆ. ಹಿಂದಿನ ರಾತ್ರಿ ಅಲ್ಲೆಲ್ಲಾದರೂ ತಂಗುವುದನ್ನು ಮಾತ್ರ ತಪ್ಪಿಸಬೇಡಿ. ನವೆಂಬರಿನಲ್ಲಿ ನಾವು ಬೆಳಿಗ್ಗೆ ಮನೆಯಿಂದಲೇ ಹೊರಟೆವು, ಗೊತ್ತುಮಾಡಿದ್ದ ಜೀಪು ಒಂದು ಗಂಟೆಗೂ ಮಿಕ್ಕಿ ತಡವಾಗಿ ಬಂತು. ಏಳೂವರೆಗೆ ಹತ್ತಲು ಶುರುಮಾಡಬೇಕಾಗಿದ್ದವರು ಒಂಬತ್ತಕ್ಕೆ ಶುರುಮಾಡಿದೆವು. ಆ ಒಂದೂವರೆ ಗಂಟೆ ಎಷ್ಟು ದುಬಾರಿಯಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಇರ್ಪುವಿನಲ್ಲಿ ಮೊದಲು ಸಿಗುವುದು ರಾಮೇಶ್ವರ ದೇವಸ್ಥಾನ. ಸೀತೆಯನ್ನು ಹುಡುಕುತ್ತ ಈ ಬೆಟ್ಟ ದಾಟುವಾಗ ರಾಮನಿಗೆ ಬಾಯಾರಿಕೆಯಾಗಿ, ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ನೀರು ತಂದನೆಂಬುದು ಸ್ಥಳಪುರಾಣ, ಹೊಳೆಯ ಹೆಸರು ಬಂದದ್ದೂ ಹಾಗೆಯೇ. ಶಿವರಾತ್ರಿಗೆ ಸುತ್ತಲಿನ ಊರುಗಳವರೆಲ್ಲ ಬಂದು ಜಲಪಾತದಲ್ಲಿ ಮಿಂದು ಹೋಗುತ್ತಾರೆ. ದೇವಸ್ಥಾನದಿಂದ ಮೆಟ್ಟಿಲು ಹಾದಿಯಲ್ಲಿ ಸ್ವಲ್ಪ ನಡೆದರೆ ಸುಮಾರು 60 ಮೀಟರ್ ಎತ್ತರದಿಂದ ಬಂಡೆಯಿಂದ ಬಂಡೆಗೆ ಜಾರುತ್ತ ಇಳಿಯುವ ಜಲಪಾತ ಎದುರಾಗುತ್ತದೆ. ಬಹಳ ಜನ ಇಲ್ಲಿಗೇ ಬಂದು ಇಲ್ಲಿಂದಲೇ ಹಿಂದಿರುಗುತ್ತಾರೆ. ಚಾರಣಕ್ಕೆ ಹೋಗುವವರು ಹತ್ತುವ ಮೊದಲು ನೀರಿಗೆ ಇಳಿಯಬೇಡಿ. ಬಂಡೆಗಳ ಮೇಲಿನ ಪಾಚಿಯಲ್ಲಿ ಕಾಲು ಜಾರಿದರೆ ಅಂದಿನ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ, ಒದ್ದೆ ಬಟ್ಟೆಯಲ್ಲಿ ನಡೆದರೆ ತೊಡೆಸಂದು ಉಜ್ಜಿ ಹುಣ್ಣಾಗುತ್ತದೆ.

ಜಲಪಾತದ ಪಕ್ಕದಿಂದ ಹಾದಿ ಕಾಡಿನೊಳಕ್ಕೆ ಏರುತ್ತದೆ. ಇಲ್ಲಿಂದ ತುದಿಗೆ ಸುಮಾರು ಒಂಬತ್ತು ಕಿಲೋಮೀಟರ್, ಹೋಗಿ ಬರಲು ಒಂದು ಪೂರ್ತಿ ಹಗಲು ಬೇಕು. ಮಾರ್ಗದರ್ಶಿಯಾಗಿ ನಮ್ಮೊಡನೆ ಬಂದ ವಾಚರ್, ಅಂದರೆ ಕಾಡಿನ ಕಾವಲುಗಾರ, ನನಗಿಂತ ಎರಡು ಮೂರು ವರ್ಷ ದೊಡ್ಡವರು, ಮೂವತ್ತು ವರ್ಷದಿಂದ ಇದೇ ಕಾಡಿನಲ್ಲಿ ನಡೆಯುತ್ತಿರುವವರು. ಗೇಟಿನಲ್ಲಿಯೇ ಅವರು ನಮ್ಮ ಚೀಲ ತೆರೆಸಿ ಪ್ಲಾಸ್ಟಿಕ್ ಪೊಟ್ಟಣಗಳನ್ನೆಲ್ಲ ಎಣಿಸಿ ಬರೆದುಕೊಂಡರು. ತಂಗಿಯ ಮಗಳು ಹಚ್ಚಿಕೊಂಡಿದ್ದ ಅತ್ತರಿನ ವಾಸನೆ ಹಿಡಿದು, ‘ಟೀಚರ್, ಇದು ನಮಗೆ ಇಷ್ಟು ದೂರ ಬರುತ್ತೆ ಅಂದ್ರೆ ಆನೆಗೆ ಎಷ್ಟು ದೂರ ಹೋಗುತ್ತೆ ನೋಡಿ’ ಎಂದರು. ಅವಳು ಕೈಕುತ್ತಿಗೆ ತೊಳೆದುಕೊಂಡು ಬಂದಳು. ಪರಿಮಳದ ಎಣ್ಣೆ, ಪೌಡರು, ಸೆಂಟು ಯಾವುದನ್ನೂ ಹಚ್ಚಿಕೊಂಡು ಹೋಗಬೇಡಿ. ಬಟ್ಟೆ ಹಸಿರು, ಕಂದು, ಬೂದು ಬಣ್ಣದ್ದಾಗಿರಲಿ, ಮೊಬೈಲಿನಲ್ಲಿ ಹಾಡು ಹಾಕುವುದು ಬೇಡವೇ ಬೇಡ.

ಮೊದಲ ಎರಡು ಗಂಟೆಯ ಕಾಡು ನಿತ್ಯಹರಿದ್ವರ್ಣದ್ದು. ತಲೆಯೆತ್ತಿದರೆ ಆಕಾಶ ತುಂಡುತುಂಡಾಗಿ ಮಾತ್ರ ಕಾಣುತ್ತದೆ. ಧೂಪದ ಮರ, ನಾಗಸಂಪಿಗೆ, ಕಾಡುನೇರಳೆ, ಅವುಗಳ ಕೆಳಗೆ ಬೆತ್ತದ ಮುಳ್ಳುಬಳ್ಳಿ, ವಾಟೆಯ ಮೆಳೆ, ಹಳ್ಳದ ಬದಿಗಳಲ್ಲಿ ಜರೀಗಿಡ. ಬೆತ್ತದ ಬಳ್ಳಿಗೆ ಕೈ ಕೊಡಬೇಡಿ, ಅದರ ತುದಿಯ ಕೊಕ್ಕೆಗಳು ಅಂಗಿಯನ್ನೂ ಚರ್ಮವನ್ನೂ ಒಟ್ಟಿಗೇ ಹಿಡಿಯುತ್ತವೆ, ಹಿಡಿದರೆ ಮುಂದಕ್ಕೆ ಎಳೆಯದೆ ಒಂದು ಹೆಜ್ಜೆ ಹಿಂದೆ ಸರಿದು ಬಿಡಿಸಿಕೊಳ್ಳಬೇಕು. ಸಿಂಗಳೀಕ ಈ ಕಾಡಿನಲ್ಲಿದೆ, ಕೊಡಗಿನಿಂದ ದಕ್ಷಿಣಕ್ಕೆ ಮಾತ್ರ ಕಾಣಸಿಗುವ ನೀಲಗಿರಿಯ ಕರಿ ಮುಸುವವೂ ಇದೆ. ಸಿಂಗಳೀಕವನ್ನು ಎರಡು ಸಲವೂ ನಾವು ಕಾಣಲಿಲ್ಲ, ಕರಿ ಮುಸುವದ ಕೂಗು ಮಾತ್ರ ಕಣಿವೆಯ ಆಚೆಯಿಂದ ಕೇಳಿಸಿತು. ಕೆಂದಳಿಲು ತಲೆಯ ಮೇಲಿನ ಕೊಂಬೆಯಲ್ಲಿ ಬಾಲ ಇಳಿಬಿಟ್ಟುಕೊಂಡು ಬಹಳ ಹೊತ್ತು ನಮ್ಮನ್ನು ಗದರಿಸಿತು. ಹಳ್ಳದ ಬಂಡೆಯೊಂದರ ಮೇಲೆ ಸರಳೆ ಸಿಳ್ಳಾರ ಎಂಬ ಹಕ್ಕಿ ಕೂತು ಶಿಳ್ಳೆ ಹಾಕುತ್ತಿದ್ದಾಗ ನನ್ನ ಮಗಳು, ಅಂದರೆ ತಂಗಿಯ ಮಗಳು, ‘ದೊಡ್ಡಮ್ಮಾ, ಯಾರೋ ಹುಡುಗ ಹಿಂದೆ ಬರ್ತಿದಾನೆ’ ಎಂದು ತಿರುಗಿ ನೋಡಿದಳು. ಮನುಷ್ಯನ ಶಿಳ್ಳೆಗೆ ಅಷ್ಟು ಹತ್ತಿರ ಅದರ ಸ್ವರ. ಪ್ರಾಣಿಗಳನ್ನು ನೋಡಲೇಬೇಕೆಂಬ ಹಟದಿಂದ ಬರುವವರಿಗೆ ಈ ಕಾಡು ನಿರಾಸೆ ಮಾಡೀತು. ಗುರುತುಗಳನ್ನು ಓದಲು ಮನಸ್ಸಿರುವವರಿಗೆ ಪ್ರತಿ ನೂರು ಹೆಜ್ಜೆಗೂ ಏನಾದರೊಂದು ಸಿಗುತ್ತದೆ: ಮರಕ್ಕೆ ಮೈ ತಿಕ್ಕಿದ ಕೆಸರಿನ ಗೆರೆ, ಕಾಟಿಯ (ಕಾಡುಕೋಣದ) ಗೊರಸು, ಹಂದಿ ಉತ್ತ ಮಣ್ಣು.

ನವೆಂಬರಿನಲ್ಲಿ ಹೋಗುವವರು ಇಂಬಳಗಳಿಗೆ, ಅಂದರೆ ನೆಲದ ಜಿಗಣೆಗಳಿಗೆ, ಸಿದ್ಧರಾಗಿರಬೇಕು. ತರಗೆಲೆಯ ಮೇಲೆ ಸಣ್ಣ ಕಡ್ಡಿಯಂತೆ ನಿಂತು, ನಮ್ಮ ಉಸಿರಿನ ಬಿಸಿ ತಾಗುತ್ತಲೇ ತಲೆಯಾಡಿಸುತ್ತ ಬೂಟಿನ ಕಡೆ ಅಳೆದುಕೊಂಡು ಬರುತ್ತವೆ. ಕಚ್ಚಿದಾಗ ನೋವಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅವು ಬಿಡುವುದರಿಂದ, ಉದುರಿದ ಮೇಲೂ ಅರ್ಧ ಗಂಟೆ ರಕ್ತ ಒಸರುತ್ತಲೇ ಇರುತ್ತದೆ. ಹೆದರಬೇಕಾಗಿಲ್ಲ. ಮಂಡಿಯವರೆಗೆ ಬರುವ, ದಟ್ಟ ನೇಯ್ಗೆಯ ಇಂಬಳದ ಕಾಲುಚೀಲ ಹಾಕಿ ಪ್ಯಾಂಟನ್ನು ಅದರೊಳಕ್ಕೆ ಸೇರಿಸಿಕೊಳ್ಳಿ. ತೆಳು ಬಟ್ಟೆಯಲ್ಲಿ ಉಪ್ಪು ಕಟ್ಟಿ, ಗಂಟನ್ನು ನೀರಿನಲ್ಲಿ ಅದ್ದಿ, ಒಂದು ಕೋಲಿನ ತುದಿಗೆ ಸಿಕ್ಕಿಸಿಕೊಳ್ಳಿ, ಬೂಟಿನ ಮೇಲೆ ಹತ್ತಿದ ಇಂಬಳಕ್ಕೆ ಅದನ್ನು ಮುಟ್ಟಿಸಿದರೆ ಸಾಕು, ಬಿದ್ದುಹೋಗುತ್ತದೆ. ಗದ್ದೆ ಕೆಲಸಕ್ಕೆ ಹೋಗುವವರು ನಮ್ಮ ಕಡೆ ಮಾಡಿಕೊಳ್ಳುವುದು ಇದನ್ನೇ. ಉಪ್ಪನ್ನು ಕಾಡಿನ ನೆಲಕ್ಕೆ ಚೆಲ್ಲಬೇಡಿ. ಮೈಗೆ ಕಚ್ಚಿಕೊಂಡಿದ್ದನ್ನು ಕಿತ್ತು ಎಳೆಯದೆ, ಬಾಯಿ ಇರುವ ಕಡೆ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿ ಬಿಡಿಸಬೇಕು.

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವಲ್ಲಿ ನರಿಮಲೆ. ಇಲಾಖೆಯ ಕ್ಯಾಂಪು ಇಲ್ಲಿದೆ. ಹಿಂದೆ ಚಾರಣಿಗರು ರಾತ್ರಿ ಇಲ್ಲಿ ತಂಗಿ ಮರುದಿನ ತುದಿಗೆ ಹೋಗುತ್ತಿದ್ದರು. ನಮಗೆ ಕೊಟ್ಟದ್ದು ಹಗಲಿನ ಅನುಮತಿ ಮಾತ್ರ, ಆದ್ದರಿಂದ ಅದೇ ದಿನ ಹೋಗಿ ಬರುವ ಲೆಕ್ಕದಲ್ಲೇ ಎಲ್ಲವನ್ನೂ ಯೋಜಿಸಿಕೊಳ್ಳಿ. ಕುಳಿತು ತಿನ್ನಲು ಇದೇ ತಕ್ಕ ಜಾಗ. ನಾವು ಬಾಳೆಎಲೆಯಲ್ಲಿ ಕಟ್ಟಿದ್ದ ಅಕ್ಕಿರೊಟ್ಟಿ, ಎಳ್ಳಿನ ಪಜ್ಜಿ, ಬೇಯಿಸಿದ ಮೊಟ್ಟೆ ಒಯ್ದಿದ್ದೆವು. ಅಕ್ಕಿರೊಟ್ಟಿ ತಣ್ಣಗಾದರೂ ಹಳಸುವುದಿಲ್ಲ, ಕೈ ಕೊಳೆಯಾಗುವುದಿಲ್ಲ, ಎರಡು ತಿಂದರೆ ಮೂರು ಗಂಟೆ ತಾಳುತ್ತದೆ. ಬ್ರೆಡ್ಡಿಗಿಂತ ಇದು ಎಷ್ಟೋ ಮೇಲು. ಮೊಟ್ಟೆಯ ಸಿಪ್ಪೆ, ಕಿತ್ತಳೆಯ ಸಿಪ್ಪೆ ಕೊಳೆಯುವ ವಸ್ತುವೆಂದು ಅಲ್ಲಿಯೇ ಎಸೆಯುವವರಿದ್ದಾರೆ, ಅದು ತಪ್ಪು. ಮನುಷ್ಯರು ಕೂತೆದ್ದ ಜಾಗದಲ್ಲಿ ತಿನ್ನಲು ಸಿಗುತ್ತದೆಂದು ಕೋತಿಗೋ ಹಂದಿಗೋ ಒಮ್ಮೆ ಗೊತ್ತಾದರೆ ಅದನ್ನು ಮರೆಸಲು ಆಗುವುದಿಲ್ಲ.

ನವೆಂಬರಿನ ದಿನ ನರಿಮಲೆ ಬಿಡುವಾಗ ಹನ್ನೆರಡು ಗಂಟೆ ಹತ್ತಿರವಾಗಿತ್ತು. ಹುಲ್ಲು ಎದೆಯೆತ್ತರ, ಹಾದಿ ಒಬ್ಬರ ಅಗಲ. ಒಂದು ಗಂಟೆ ನಡೆದು, ಕೊನೆಯ ಏರಿಗೆ ಮುಂಚಿನ ಶೋಲಾ ಕಾಡಿನ ಅಂಚಿಗೆ ಬಂದಾಗ ವಾಚರ್ ಕೈಯೆತ್ತಿ ನಿಲ್ಲಿಸಿದರು. ಹಾದಿಯ ನಡುವೆ ಆನೆಯ ಲದ್ದಿ ಬಿದ್ದಿತ್ತು. ಚಳಿಗಾಳಿಯಲ್ಲಿ ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು, ಅಗಿದ ವಾಟೆಯ ನಾರು ಇನ್ನೂ ಹಸಿರಾಗಿತ್ತು. ಅವರು ಒಂದು ಹಿಡಿ ಒಣಹುಡಿ ತೆಗೆದು ಮೇಲಿನಿಂದ ಬಿಟ್ಟು ಗಾಳಿ ಯಾವ ಕಡೆಗೆಂದು ನೋಡಿದರು. ಗಾಳಿ ನಮ್ಮ ಬೆನ್ನಿನಿಂದ ಕಾಡಿನೊಳಕ್ಕೆ ಹೋಗುತ್ತಿತ್ತು. ಮಾತಾಡದೆ ನಲವತ್ತು ನಿಮಿಷ ಒಂದು ಬಂಡೆಯ ಹಿಂದೆ ಕಾದೆವು. ಒಳಗೆ ಒಮ್ಮೆ ಕೊಂಬೆ ಮುರಿದ ಸದ್ದು ಕೇಳಿಸಿತು, ಆಮೇಲೆ ಏನೂ ಇಲ್ಲ. ಅಷ್ಟರಲ್ಲಿ ವಯನಾಡಿನ ಕಡೆಯಿಂದ ಮಂಜು ಹತ್ತಿ ಬಂದು, ಎದುರಿಗಿದ್ದ ತುದಿ ಕಾಣದಾಯಿತು. ‘ಇನ್ನು ಬೇಡ ಟೀಚರ್. ಹೋದ್ರೆ ಬರುವಾಗ ನರಿಮಲೆ ಕೆಳಗಿನ ಕಾಡಲ್ಲಿ ಕತ್ತಲಾಗುತ್ತೆ’ ಎಂದರು. ತಂಗಿಯ ಮಗಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಒಂದು ಮಾತೂ ವಾದಿಸಲಿಲ್ಲ. ಬೆಳಿಗ್ಗೆ ಕಳೆದುಕೊಂಡ ಆ ಒಂದೂವರೆ ಗಂಟೆ ಕೈಯಲ್ಲಿದ್ದರೆ ಇನ್ನೂ ಸ್ವಲ್ಪ ಕಾಯಬಹುದಾಗಿತ್ತು, ಅಷ್ಟೇ. ಇಲ್ಲಿ ಹೋಗುವವರು ಹೊರಡುವ ಮೊದಲೇ ತಮ್ಮೊಳಗೆ ಒಂದು ಗಂಟೆಯನ್ನು ನಿಗದಿ ಮಾಡಿಕೊಳ್ಳಬೇಕು: ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ಹಿಂದಿರುಗುವುದು. ಆನೆಯಿದೆಯೆಂದು ಮಾರ್ಗದರ್ಶಿ ಹೇಳಿದರೆ ಅವರೊಡನೆ ಚೌಕಾಶಿ ಮಾಡಬಾರದು. ಅವರಿಗೆ ದುಡ್ಡಿನ ಆಸೆ ತೋರಿಸಿ ಮುಂದೆ ಕರೆದೊಯ್ಯುವಂತೆ ಒತ್ತಾಯಿಸುವವರ ಕತೆಗಳನ್ನು ಕೇಳಿ ನನಗೆ ಬಹಳ ಬೇಸರವಾಯಿತು, ನಮ್ಮನ್ನು ಕಳುಹಿಸಿದ ಮೇಲೆ ನಾಳೆಯೂ ಅದೇ ಕಾಡಿನಲ್ಲಿ ನಡೆಯಬೇಕಾದವರು ಅವರು.

ಹಾಗೆ ಕಾಯುತ್ತ ಕುಳಿತಿದ್ದಾಗ ನಾನು ಕಂಡ ಒಂದು ಸಂಗತಿಗಾಗಿಯೇ ಜನವರಿಯಲ್ಲಿ ಮತ್ತೆ ಬಂದೆನೆಂದರೆ ಸುಳ್ಳಲ್ಲ. ಈ ಎತ್ತರದಲ್ಲಿ ಬೆಟ್ಟದ ಬೆನ್ನೆಲ್ಲ ಹುಲ್ಲು, ಎರಡು ಬೆನ್ನುಗಳ ನಡುವಿನ ಮಡಿಕೆಯಲ್ಲಿ ಮಾತ್ರ ಮರ. ಬೆನ್ನಿನ ಮೇಲೆ ಮಣ್ಣು ತೆಳು, ಗಾಳಿ ಬಿರುಸು, ಬೆಂಕಿ ಬಿದ್ದರೆ ಅಲ್ಲಿಯೇ ಮೊದಲು ಓಡುತ್ತದೆ, ಮರದ ಸಸಿ ತಲೆಯೆತ್ತುವುದು ಕಷ್ಟ. ಮಡಿಕೆಯಲ್ಲಿ ಮಣ್ಣೂ ನೀರೂ ಬಂದು ಸೇರುವುದರಿಂದ ಕಾಡು ಅಲ್ಲಿ ಅಡಗಿ ಬೆಳೆಯುತ್ತದೆ. ಅದನ್ನೇ ಶೋಲಾ ಎನ್ನುವುದು. ಅಂಚಿನ ಮರಗಳು ಎರಡಾಳೆತ್ತರಕ್ಕಿಂತ ಹೆಚ್ಚಿಲ್ಲ, ಗಾಳಿಗೆ ನೆತ್ತಿ ಕತ್ತರಿಸಿದಂತೆ ಒಂದೇ ಸಮನಾಗಿ ಬಾಗಿವೆ, ಕಾಂಡದ ಮೇಲೆ ಬೆರಳು ಹೂಳುವಷ್ಟು ದಪ್ಪ ಹಾವಸೆ, ಅದರ ಮೇಲೆ ಸೀತಾಳೆ ಗಿಡಗಳು. ಹೊರಗೆ ಬಿಸಿಲಿದ್ದರೂ ನಾಲ್ಕು ಹೆಜ್ಜೆ ಒಳಗಿಟ್ಟರೆ ತೋಳಿನ ಮೇಲೆ ಚಳಿ ಹತ್ತುತ್ತದೆ.

ಜನವರಿಯ ಮೂರನೆಯ ವಾರ, ಗದ್ದೆಯ ಕೊಯ್ಲು ಮುಗಿಸಿ ಬಂದಾಗ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿತ್ತು, ಕೆಳಗಿನ ಕಾಡಿನಲ್ಲಿ ಇಂಬಳ ಹೆಸರಿಗೆ ಮಾತ್ರ ಇತ್ತು. ಹಿಂದಿನ ರಾತ್ರಿ ಶ್ರೀಮಂಗಲದಲ್ಲಿ ತಂಗಿದ್ದರಿಂದ ಏಳು ಗಂಟೆಗೇ ಗೇಟಿನಲ್ಲಿದ್ದೆವು. ಅದೇ ವಾಚರ್ ಸಿಕ್ಕಿದ್ದು ನಮ್ಮ ಅದೃಷ್ಟ. ಅದೇ ಶೋಲಾದ ಅಂಚಿಗೆ ಹತ್ತೂವರೆಗೆ ಬಂದೆವು, ಗಾಳಿ ಈ ಸಲ ಎದುರಿನಿಂದ ಬೀಸುತ್ತಿತ್ತು, ಅವರು ಒಳಗೆ ಹೋಗಿ ನೋಡಿ ಬಂದು ನಮ್ಮನ್ನು ಕರೆದರು. ಬೇರುಗಳ ನಡುವೆ ಕರಿಮಣ್ಣಿನ ಒಂದು ದಂಡೆಯಿಂದ ನೀರು ಪೆನ್ಸಿಲಿನ ದಪ್ಪಕ್ಕೆ ಹೊರಬರುತ್ತಿತ್ತು. ಸದ್ದಿಲ್ಲ. ಕೆಳಗೆ ಊಟದ ತಟ್ಟೆಯಷ್ಟು ಅಗಲದ ಒಂದು ಗುಂಡಿ, ಅದರ ತಳದ ಒಂದೊಂದು ಮರಳುಕಾಳೂ ಎಣಿಸಬಹುದಾದಷ್ಟು ತಿಳಿ. ಮಗಳು ಅಂಗೈ ಒಡ್ಡಿದಳು, ತುಂಬಲು ಹತ್ತು ಎಣಿಸುವಷ್ಟು ಹೊತ್ತು ಹಿಡಿಯಿತು. ಹೊರಗೆ ಬಂದು ಹುಲ್ಲಿನ ಬುಡವೊಂದನ್ನು ಬೆರಳಿನಿಂದ ಬಿಡಿಸಿ ನೋಡಿದೆ: ಮೇಲೆ ಕಡ್ಡಿಯಂತೆ ಒಣಗಿದ ಹುಲ್ಲು, ಬೇರುಗಳ ಜಡೆಯೊಳಗಿನ ಮಣ್ಣು ಒದ್ದೆ. ಕೊನೆಯ ಮಳೆ ಬಂದು ಎಷ್ಟೋ ವಾರಗಳಾಗಿದ್ದವು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದ ನೀರನ್ನು ಈ ಹುಲ್ಲಿನ ಬೇರು ಕುಡಿದು ಇಟ್ಟುಕೊಂಡು, ಮಡಿಕೆಯ ಕಾಡಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ನಮ್ಮ ಗದ್ದೆಯ ತೋಡಿಗೆ ಬೇಸಿಗೆಯಲ್ಲಿ ನೀರು ಬಂದರೆ ಅದು ಹೀಗೆ ಬಂದದ್ದು. ಹುಲ್ಲುಗಾವಲನ್ನು ಬೋಳುಗುಡ್ಡ, ಪಾಳುಭೂಮಿ ಎಂದು ನಾನೇ ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೇನೆ, ಇನ್ನು ಹೇಳುವುದಿಲ್ಲ. ಇಲ್ಲಿ ಅರ್ಧ ಗಂಟೆಯಾದರೂ ಸುಮ್ಮನೆ ಕೂರಲು ನಿಮ್ಮ ಸಮಯದ ಲೆಕ್ಕದಲ್ಲಿ ಜಾಗವಿರಲಿ. ನೀರಿನ ಗುಂಡಿಯಲ್ಲಿ ಕಾಲಿಡಬೇಡಿ, ಸೋಪು ಮುಟ್ಟಿದ ಕೈ ಅದ್ದಬೇಡಿ, ಕುಡಿಯಲು ಕೆಳಗಿನಿಂದಲೇ ತಲಾ ಎರಡು ಲೀಟರ್ ಒಯ್ಯಿರಿ.

ಕೊನೆಯ ಏರು ಕಡಿದಾದದ್ದು, ಆದರೆ ಉದ್ದವಿಲ್ಲ. ಹುಲ್ಲಿನ ಕೆಳಗೆ ಸಡಿಲ ಕಲ್ಲುಗಳಿವೆ, ಇಳಿಯುವಾಗ ಕೋಲು ಬೇಕೇ ಬೇಕು. ತುದಿಯಲ್ಲಿ ನಿಂತರೆ ಉತ್ತರಕ್ಕೆ ದಕ್ಷಿಣ ಕೊಡಗಿನ ಕಾಫಿ ತೋಟಗಳು, ನಡುನಡುವೆ ಗದ್ದೆಯ ಪಟ್ಟಿಗಳು, ದಕ್ಷಿಣಕ್ಕೆ ವಯನಾಡಿನ ಕಾಡು. ಆ ಇಳಿಜಾರಿನ ಬುಡದಲ್ಲಿ ತಿರುನೆಲ್ಲಿ ದೇವಸ್ಥಾನವಿದೆ. ಅಲ್ಲಿಯ ವಿಷ್ಣುವನ್ನು ಬ್ರಹ್ಮನೇ ಪ್ರತಿಷ್ಠಿಸಿದನೆಂಬ ನಂಬಿಕೆಯಿದೆ. ಬೆಟ್ಟದ ಆ ಬದಿಯ ನೀರು ಕಾಳಿಂದಿಯಾಗಿ ಹರಿದು ಕಬಿನಿಯನ್ನು ಸೇರುತ್ತದೆ, ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ನಮ್ಮ ಬದಿಯ ಲಕ್ಷ್ಮಣತೀರ್ಥ ಹುಣಸೂರನ್ನು ದಾಟಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಗೆ ಬೀಳುತ್ತದೆ. ಇದೇ ಸಾಲಿನ ಪಶ್ಚಿಮದ ಮಳೆ ಬಾರಪೊಳೆಯಾಗಿ ಕೇರಳದ ವಳಪಟ್ಟಣಂ ನದಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇಷ್ಟನ್ನೂ ನಾನು ತರಗತಿಯಲ್ಲಿ ನಕಾಶೆಯ ಮೇಲೆ ಕೋಲಿಟ್ಟು ತೋರಿಸಿದವಳೇ. ಅಲ್ಲಿ ನಿಂತು ಎರಡು ಕೈ ಚಾಚಿ ತೋರಿಸುವಾಗ ಗಂಟಲು ಕಟ್ಟಿತು.

ಒಂದು ಎಚ್ಚರಿಕೆ: ಇಲ್ಲಿಂದ ಕೇರಳದ ಕಡೆಯ ಪಕ್ಷಿಪಾತಾಳದ ಗುಹೆಗಳಿಗೆ ಹಾದಿ ಇದೆಯೆಂದು ಕೇಳಿ ಇಳಿಯಲು ಹೊರಡಬೇಡಿ. ಅದು ಬೇರೆ ರಾಜ್ಯದ ಸಂರಕ್ಷಿತ ಕಾಡು, ಅದರ ಅನುಮತಿಯನ್ನು ತಿರುನೆಲ್ಲಿಯ ಕಡೆಯಿಂದ ಕೇರಳದ ಅರಣ್ಯ ಇಲಾಖೆಯಲ್ಲಿಯೇ ಪಡೆಯಬೇಕು. ತುದಿಯಲ್ಲಿ ಕೆಲವು ಮೊಬೈಲುಗಳಿಗೆ ಕೇರಳದ ಟವರ್ ಸಿಗುತ್ತದೆ, ಕೆಳಗಿನ ಕಾಡಿನಲ್ಲಿ ಯಾವುದಕ್ಕೂ ಸಿಗುವುದಿಲ್ಲ. ಮನೆಯವರಿಗೆ ಬೆಳಿಗ್ಗೆಯೇ ಹೇಳಿಬಿಡಿ.

ಜನವರಿಯಲ್ಲಿ ಹೋಗುವವರಿಗೆ ಇನ್ನೆರಡು ಮಾತು ಹೇಳಲೇಬೇಕು. ಮೊದಲನೆಯದು ಬೆಂಕಿ. ಎದೆಯೆತ್ತರದ ಒಣಹುಲ್ಲಿನಲ್ಲಿ ಒಂದು ಬೀಡಿಯ ತುಂಡು ಸಾಕು. ಗಾಳಿ ಸೇರಿದರೆ ಏರಿನ ಮೇಲೆ ಬೆಂಕಿ ಮನುಷ್ಯ ಓಡುವುದಕ್ಕಿಂತ ಬೇಗ ಹತ್ತುತ್ತದೆ, ಶೋಲಾದ ಅಂಚನ್ನು ಪ್ರತಿ ಸಲವೂ ಒಂದಿಷ್ಟು ತಿಂದು ಹಿಂದೆ ಸರಿಸುತ್ತದೆ. ನಾವು ಹೋದ ದಿನ ನರಿಮಲೆಯ ಮೇಲೆ ಕೆಲಸದವರು ಬೆಂಕಿ ರೇಖೆ ಬಿಡಿಸುತ್ತಿದ್ದರು. ಬಿಸಿಲಿನಲ್ಲಿ ಇಡೀ ಬೆಟ್ಟದ ಬೆನ್ನಿನುದ್ದಕ್ಕೂ ಕೈಯಿಂದ ಹುಲ್ಲು ಕೆರೆದು ತೆಗೆಯುವ ಆ ದುಡಿಮೆಯನ್ನು ನೋಡಿದ ಮೇಲೆ ಬೆಂಕಿಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಹತ್ತಲು ಯಾರಿಗೂ ಮನಸ್ಸಾಗಲಾರದು. ಗೇಟಿನಲ್ಲಿ ಕೇಳುತ್ತಾರೆ, ಕೇಳದಿದ್ದರೂ ಅಲ್ಲಿಯೇ ಕೊಟ್ಟು ಹೋಗಿ.

ಎರಡನೆಯದು ರಕ್ತ ಹೀರುವ ಉಣ್ಣೆಹುಳು. ಇಂಬಳ ಕಡಿಮೆಯಾಗುವ ಹೊತ್ತಿಗೆ ಹುಲ್ಲಿನ ತುದಿಗಳಲ್ಲಿ ಸಾಸಿವೆಗಿಂತ ಸಣ್ಣ ಉಣ್ಣೆಮರಿಗಳು ಗುಂಪಾಗಿ ಕಾದಿರುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣ್ಣೆಗಳಿಂದಲೇ, ನೆರೆಯ ವಯನಾಡಿನಲ್ಲೂ ಅದು ಕಾಣಿಸಿಕೊಂಡಿದೆ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲದಂಥ, ಉಣ್ಣೆ ತಡೆಯುವ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಹುಲ್ಲಿನ ಮೇಲೆ ಮಲಗಬೇಡಿ, ಇಳಿದು ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮಂಡಿಯ ಹಿಂಭಾಗ, ಕಂಕುಳು, ಸೊಂಟ, ಕಿವಿಯ ಹಿಂದೆ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಯವರಿಗೆ ತಿಳಿಸಿ. ಎರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಇಳಿಯುವಾಗ ನರಿಮಲೆಯವರೆಗೆ ಬಿಸಿಲು, ಆಮೇಲೆ ಕಾಡಿನ ಕತ್ತಲು. ಮೊಣಕಾಲು ನೋವಿರುವವರಿಗೆ ಹತ್ತುವುದಕ್ಕಿಂತ ಈ ಇಳಿತವೇ ಕಷ್ಟ. ನಾನು ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ನಿಂತೆ, ವಾಚರ್ ಒಮ್ಮೆಯೂ ಅವಸರ ಮಾಡಲಿಲ್ಲ. ಗೇಟಿನಲ್ಲಿ ಅವರು ಬೆಳಿಗ್ಗೆ ಬರೆದುಕೊಂಡಿದ್ದ ಚೀಟಿ ತೆಗೆದು ಚೀಲದೊಳಗಿನ ಪೊಟ್ಟಣಗಳನ್ನು ಮತ್ತೆ ಎಣಿಸಿದರು. ನಮ್ಮದು ಆರು ಇತ್ತು, ಏಳು ಸಿಕ್ಕಿತು. ಏಳನೆಯದು ತುದಿಯ ಕಲ್ಲಿನ ಸಂದಿನಲ್ಲಿ ಯಾರೋ ಬಿಟ್ಟುಹೋಗಿದ್ದ ಬಿಸ್ಕತ್ತಿನ ಕಾಗದ, ಮಗಳು ಎತ್ತಿ ತಂದಿದ್ದಳು. ಸಂಜೆ ನಾಲ್ಕೂವರೆಗೆ ಜಲಪಾತದ ಕೆಳಗೆ ನಿಂತು ಮುಖ ತೊಳೆದೆವು. ಕೊನೆಯ ಬಸ್ಸಿನ ಸಮಯವನ್ನು ಬೆಳಿಗ್ಗೆಯೇ ಕೇಳಿ ಬರೆದಿಟ್ಟುಕೊಳ್ಳಿ, ಸಂಜೆಯ ಮೇಲೆ ಇರ್ಪುವಿನ ಒಳರಸ್ತೆಯಲ್ಲಿ ಆಟೋ ಸಿಗುವುದು ಅಪರೂಪ, ತೋಟದ ಬದಿಯ ಆ ದಾರಿಯಲ್ಲಿ ಕತ್ತಲಾದ ಮೇಲೆ ಆನೆ ಇಳಿಯುತ್ತದೆ.